ಹಾಲಿಗೆ ಹುಳಿ ಹಿಂಡಿದ ಶನಿವಾರ

18 ಜನವರಿ 2025, ಶನಿವಾರ
ಸನ್ನಿವೇಲ್, ಕ್ಯಾಲಿಫೋರ್ನಿಯಾ

ಇವತ್ತು ಒಂದೇ ಜ್ಯೂಸಿಗೆ ಮೂರು ಸಲ ಮಿಕ್ಸಿ ಜಾರ್ ತೊಳೆದೆ.

ಹೋದ ವಾರ ಮಾಲ್‌ನಲ್ಲಿ ಆರೆಂಜ್ ಜೂಲಿಯಸ್ ಅನ್ನೋ, ಹಾಲು ಬೆರೆಸಿದ ನೊರೆನೊರೆ ಕಿತ್ತಳೆ ಜ್ಯೂಸ್ ಕುಡಿದು ಬಂದ ಮಗಳು, ಮನೆಯಲ್ಲೂ ಮಾಡು ಅಂತ ದುಂಬಾಲು ಬಿದ್ದಿದ್ದಳು. ಹಿತ್ತಲಲ್ಲಿ ಕಿತ್ತಳೆ ಉದುರಿ ಬೀಳ್ತಿರುವಾಗ ದುಡ್ಡು ಕೊಟ್ಟು ಯಾಕೆ ಕುಡೀಬೇಕು ಅಂತ ನನಗೂ ಅನ್ನಿಸಿತು. ಅಮ್ಮನಿಗೆ ಮಾತ್ರ ಸುತರಾಂ ಒಪ್ಪಿಗೆಯಿಲ್ಲ. "ಹಾಲಿಗೆ ಯಾರಾದ್ರೂ ಹುಳಿ ಹಿಂಡ್ತಾರೇನೇ? ಅದೂ ಈ ಚಳೀಲಿ, ಐಸು ಬೇರೆ!" ಮೈಸೂರಿಂದ ಬಂದು ತಿಂಗಳಾಯಿತು, ಇನ್ನೂ ಎರಡು ಸ್ವೆಟರ್ ಹಾಕ್ಕೊಂಡೇ ಅಡುಗೆಮನೆಗೆ ಬರ್ತಾಳೆ.

ಬೆಳಿಗ್ಗೆ ಎಂಟು ಹಣ್ಣು ಹಿಂಡಿಟ್ಟೆ. ಅರ್ಧ ರಸಕ್ಕೆ ಹಾಲು, ಸಕ್ಕರೆ, ವೆನಿಲಾ ಹಾಕಿ ಒಂದು ಸುತ್ತು ತಿರುಗಿಸಿದೆ. ಅಷ್ಟರಲ್ಲಿ ಫೋನು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಜಾರಿನ ಗೋಡೆಗೆಲ್ಲ ಬಿಳೀ ಚೂರು ಅಂಟಿದೆ, ಅಡಿಯಲ್ಲಿ ಹಳದಿ ನೀರು. "ಪನೀರ್ ಚೆನ್ನಾಗಿ ಬಂದಿದೆ" ಅಂದಳು ಅಮ್ಮ, ನಗದೇ.

ತಪ್ಪು ನಂದೇ. ಕಿತ್ತಳೆಯ ಹುಳಿಗೆ ಹಾಲು ಒಡೆಯಲೇಬೇಕು. ಎಲ್ಲ ಕೊರೆಯುವಷ್ಟು ತಣ್ಣಗಿದ್ದರೆ, ತಿರುಗಿಸಿದ ತಕ್ಷಣ ಕುಡಿದರೆ, ಒಡೆಯುವುದಕ್ಕೆ ಪುರುಸೊತ್ತಿರುವುದಿಲ್ಲ ಅಷ್ಟೇ.

ಎರಡನೇ ಸಲ ಫ್ರಿಜ್ಜಿನ ಹಾಲು, ಮೇಲಿಂದ ಐಸು. ಒಡೀಲಿಲ್ಲ, ಆದರೆ ನೀರುನೀರು, ಜೊತೆಗೆ ಗಂಟಲಲ್ಲಿ ಉಳಿಯುವ ಒಂದು ಕಹಿ. ಆಮೇಲೆ ಹೊಳೆಯಿತು: ನಮ್ಮದು ನೇವಲ್ ಅನ್ನೋ ಜಾತಿಯ ಕಿತ್ತಳೆ ಗಿಡ. ಬೀಜವಿಲ್ಲ, ಸುಲಿದು ತಿನ್ನೋಕೆ ಸಕ್ಕರೆ. ಆದರೆ ರಸ ಹಿಂಡಿಟ್ಟರೆ ಅದರಲ್ಲಿ ಲಿಮೋನಿನ್ ಅನ್ನೋ ಕಹಿ ಪದಾರ್ಥ ಹುಟ್ಟಿಕೊಂಡು ಹೊತ್ತು ಹೋದ ಹಾಗೆ ಕಹಿಯಾಗುತ್ತೆ. ಜ್ಯೂಸಿನವರು ಅಷ್ಟು ಕಹಿಯಾಗದ ವೆಲೆನ್ಸಿಯಾ ಜಾತಿಯ ಹಣ್ಣಿನ ಬೆನ್ನು ಹತ್ತುವುದು ಸುಮ್ಮನೆ ಅಲ್ಲ. ಬೆಳಿಗ್ಗೆ ಹಿಂಡಿದ ರಸವನ್ನ ನಾನು ಮಧ್ಯಾಹ್ನದ ತನಕ ಇಟ್ಟುಕೊಂಡು ಕೂತಿದ್ದೆ.

ಕೊನೆಗೆ ಮಾನ ಬಿಟ್ಟು ಅಂಗಡಿಗೆ ಹೋಗಿ, ಫ್ರೀಜರ್ ಸಾಲಿನಿಂದ, ನೀರು ತೆಗೆದು ಗಟ್ಟಿ ಮಾಡಿದ ಕಿತ್ತಳೆ ರಸದ ಡಬ್ಬಿ ತಂದೆ. ಇಲ್ಲಿನ ಮನೆಗಳಲ್ಲಿ ಇದನ್ನ ಮಾಡುವುದೇ ಹಾಗೆ. ಡಬ್ಬಿ 355 ಮಿಲಿ, ಅರ್ಧ ಸಾಕು. ಅದಕ್ಕೆ ಒಂದು ಕಪ್ ಹಾಲು, ಒಂದು ಕಪ್ ನೀರು, ಕಾಲು ಕಪ್ ಸಕ್ಕರೆ, ಒಂದು ಚಮಚ ವೆನಿಲಾ, ಹತ್ತು ತುಂಡು ಐಸು. ಬರೀ ಜ್ಯೂಸ್ ಮಾಡೋಕೆ ಒಂದು ಡಬ್ಬಿಗೆ ಮೂರು ಡಬ್ಬಿ ನೀರು ಬೆರೆಸಬೇಕು; ಇಲ್ಲಿ ಅಷ್ಟು ನೀರು ಹೊಯ್ಯುವುದಿಲ್ಲ, ಅದಕ್ಕೇ ಹಾಲು ಸೇರಿದರೂ ಕಿತ್ತಳೆ ಸಪ್ಪೆಯಾಗಲ್ಲ. ನೊರೆ ಬರಲಿ ಅಂತ ಕೆಲವರು ಮೊಟ್ಟೆಯ ಬಿಳಿಯ ಪುಡಿ ಹಾಕ್ತಾರೆ. ನಮ್ಮನೇಲಿ ಅದು ನಡೆಯಲ್ಲ, ಎರಡು ಚಮಚ ಹಾಲಿನ ಪುಡಿ ಹಾಕಿದೆ. ಐಸು ಕಟಕಟ ಅನ್ನುವ ಸದ್ದು ನಿಂತು ಬರೀ ಗುಂಯ್ ಅನ್ನೋವರೆಗೂ ತಿರುಗಿಸಿದೆ.

ಲೋಟಕ್ಕೆ ಬಗ್ಗಿಸಿದಾಗ ಎರಡು ಬೆರಳು ನೊರೆ! ಫಿಲ್ಟರ್ ಕಾಫಿಯ ನೊರೆಯ ಹಾಗೆ ದೊಡ್ಡ ಗುಳ್ಳೆಯಲ್ಲ, ಸಣ್ಣಸಣ್ಣದು, ಬೆಣ್ಣೆ ಬಣ್ಣ. ಮಗಳ ಮೇಲ್ದುಟಿಗೆ ಮೀಸೆ ಬಂತು.

ಕುಡೀತಾ ಅಮ್ಮನಿಗೆ ಇದರ ಕಥೆ ಹೇಳಿದೆ. 1926ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಜೂಲಿಯಸ್ ಫ್ರೀಡ್ ಅನ್ನುವವರು ಕಿತ್ತಳೆ ಜ್ಯೂಸಿನ ಅಂಗಡಿ ಇಟ್ಟರಂತೆ. ಅವರ ಸ್ನೇಹಿತ ಬಿಲ್ ಹ್ಯಾಮ್ಲಿನ್‌ಗೆ ಆ ಹುಳಿ ಹೊಟ್ಟೆಗೆ ಆಗುತ್ತಿರಲಿಲ್ಲ, ಅದಕ್ಕೇ ಹುಳಿ ಮೆತ್ತಗಾಗುವ ಹಾಗೆ ಈ ನೊರೆ ಪಾನೀಯ ಮಾಡಿಕೊಂಡರಂತೆ. ಅಮ್ಮನಿಗೆ ಆಗ ಗೌರವ ಹುಟ್ಟಿತು. "ಪಿತ್ತದ ಮನುಷ್ಯ, ಪಾಪ" ಅಂತ ಲೋಟ ಎತ್ತಿಕೊಂಡಳು. ಎರಡು ಸ್ವೆಟರ್ ಹಾಕ್ಕೊಂಡೇ ತಳ ಕಾಣುವ ತನಕ ಕುಡಿದು, "ವೆನಿಲಾ ಬದಲು ಏಲಕ್ಕಿ ಹಾಕಬೇಕಿತ್ತು" ಅಂದಳು.

ಬೆಳಿಗ್ಗೆ ಹಿಂಡಿದ ಹಣ್ಣಿನ ಸಿಪ್ಪೆಯನ್ನ ನನಗೆ ಗೊತ್ತಿಲ್ಲದ ಹಾಗೆ ಎತ್ತಿಟ್ಟಿದ್ದಳು. ಕೊಡಗಿನ ಕಿತ್ತಳೆಯ ಸಿಪ್ಪೆಯಷ್ಟು ತೆಳು ಅಲ್ಲ ಅಂತ ಗೊಣಗುತ್ತಲೇ ಒಳಗಿನ ಬಿಳಿಯನ್ನೆಲ್ಲ ಚಾಕುವಿನಲ್ಲಿ ಹೆರೆದು, ಸಣ್ಣಗೆ ಹೆಚ್ಚಿ, ಒಂದು ಕುದಿ ಕುದಿಸಿ ಆ ನೀರು ಚೆಲ್ಲಿದಳು. ಹುಣಸೆರಸ, ಬೆಲ್ಲ, ಸಾರಿನ ಪುಡಿ, ಇಂಗಿನ ಒಗ್ಗರಣೆ. ರಾತ್ರಿ ಬಿಸಿ ಅನ್ನಕ್ಕೆ ಕಿತ್ತಳೆ ಸಿಪ್ಪೆ ಗೊಜ್ಜು, ನಾನು ಮೂರು ಸಲ ಬಡಿಸಿಕೊಂಡೆ. ಮಗಳು ಮುಟ್ಟಲಿಲ್ಲ.

ಫ್ರೀಜರ್‌ನಲ್ಲಿ ಇನ್ನರ್ಧ ಡಬ್ಬಿ ಇದೆ. ನಾಳೆ ಏಲಕ್ಕಿ ಹಾಕಿ ಮಾಡೋದು ಅಂತ ಅಜ್ಜಿ ಮೊಮ್ಮಗಳು ಮಾತಾಡಿಕೊಂಡಿದ್ದಾರೆ.