ಟ್ಯೂಬಲ್ಲಿ ಕರಗೋ ಪಿಷ್ಟ, ಕೋಳಿ ಕರುಳಲ್ಲಿ ಕರಗೋ ಪಿಷ್ಟ

ಕೋಳಿ ಫೀಡ್ ಲ್ಯಾಬಿಗೆ ಹೊಸದಾಗಿ ಸೇರೋರಿಗೆ ನಾನು ಮೊದಲು ಹೇಳೋದು ಒಂದೇ ಮಾತು, ಪಿಷ್ಟ ಜೀರ್ಣದ ರಿಪೋರ್ಟ್ ಕೈಗೆ ಬಂದ ಕೂಡ್ಲೇ ಪರ್ಸೆಂಟ್ ನೋಡ್ಬೇಡಿ, ಕಾಳು ಎಷ್ಟು ಸಣ್ಣಗೆ ಅರೆದಿದ್ರು ಅಂತ ಕೇಳಿ, ಸಣ್ಣಗೆ ಅರೆದಷ್ಟೂ ಟ್ಯೂಬಲ್ಲಿ ಬೇಗ ಒಡೆಯುತ್ತೆ.

ಲ್ಯಾಬಲ್ಲಿ ಮೆಕ್ಕೆಜೋಳ ಅರೆದು ಜರಡಿ ಹಿಡಿದು ಟೆಸ್ಟ್ ಟ್ಯೂಬಿಗೆ ಹಾಕ್ತೀವಿ, ಮೊದಲು ಆಸಿಡ್ ಜೊತೆ ಪೆಪ್ಸಿನ್, ಆಮೇಲೆ ಪಿಎಚ್ ಏರಿಸಿ ಪ್ಯಾಂಕ್ರಿಯಾಟಿನ್, ಅಮೈಲೋಗ್ಲುಕೋಸಿಡೇಸ್ ಅನ್ನೋ ಜೀರ್ಣದ ಎನ್‌ಜೈಮ್‌ಗಳು, 37 ಡಿಗ್ರಿ ವಾಟರ್ ಬಾತಲ್ಲಿ ಅಲ್ಲಾಡಿಸ್ತಾ ಇಟ್ಟು ಗ್ಲೂಕೋಸ್ ಅಳೆದು, ಅದನ್ನ ಪಿಷ್ಟದ ಲೆಕ್ಕಕ್ಕೆ ತರೋಕೆ 0.9ರಿಂದ ಗುಣಿಸ್ತೀವಿ. 20 ನಿಮಿಷದೊಳಗೆ ಒಡೆದಿದ್ದು ಬೇಗ ಜೀರ್ಣ ಆಗೋದು, 120ರ ತನಕ ಒಡೆದಿದ್ದು ನಿಧಾನದ್ದು, ಉಳಿದಿದ್ದು ಜೀರ್ಣ ಆಗದ್ದು. ಈ ಲೆಕ್ಕ ಇಂಗ್ಲಿಸ್ಟ್ ಮತ್ತೆ ಅವರ ಜೊತೆಯವರು 1992ರಲ್ಲಿ ಕೊಟ್ಟಿದ್ದು, ಅದೂ ಮನುಷ್ಯರ ಆಹಾರಕ್ಕೆ. ಆ 37 ಡಿಗ್ರಿನೂ ಮನುಷ್ಯರ ಮೈ ಬಿಸಿನೇ, ಕೋಳಿದು 41 ಡಿಗ್ರಿ ಹತ್ರ ಇರುತ್ತೆ.

ಕೋಳಿ ಒಳಗೆ ನಡೆಯೋದೇ ಬೇರೆ. ಗಿಜರ್ಡ್, ಅಂದ್ರೆ ಕಾಳು ಅರೆಯೋ ಗಟ್ಟಿ ಹೊಟ್ಟೆ, ದಪ್ಪ ಚೂರುಗಳನ್ನ ಮುಂದಕ್ಕೆ ಬಿಡಲ್ಲ, ಸಣ್ಣ ಆಗೋವರೆಗೂ ಹಿಡಿದು ಅರೀತಾನೇ ಇರುತ್ತೆ, ಸಣ್ಣಕರುಳಿನ ಮೊದಲ ಭಾಗಕ್ಕೆ ಹೋಗಿದ್ದು ಕೂಡ ಎಷ್ಟೋ ಸಲ ವಾಪಸ್ ಗಿಜರ್ಡಿಗೇ ಬರುತ್ತೆ. ಆದ ಗ್ಲೂಕೋಸನ್ನ ಕರುಳು ಆಗಿಂದಾಗ್ಲೇ ಹೀರ್ಕೊಳ್ಳುತ್ತೆ, ನಮ್ಮ ಟ್ಯೂಬಲ್ಲಿ ಅದು ಅಲ್ಲೇ ತುಂಬ್ಕೊಂಡು ಕೂರುತ್ತೆ. ಹಂಗಾಗಿ ಹಸಿ ಮೆಕ್ಕೆಜೋಳದ ಪಿಷ್ಟ 2 ಗಂಟೆ ಆದ್ರೂ ಟ್ಯೂಬಲ್ಲಿ ಒಂದಷ್ಟು ಬಾಕಿ ಉಳಿದ್ರೆ, ಬ್ರಾಯ್ಲರ್ ಸಣ್ಣಕರುಳಿನ ಕೊನೆಗೆ ಬರೋ ಹೊತ್ತಿಗೆ ಸಾಮಾನ್ಯವಾಗಿ 95 ಪರ್ಸೆಂಟಿಗೂ ಮೇಲೆ ಮುಗಿದಿರುತ್ತೆ.

ಈ 95 ಹೆಂಗೆ ಗೊತ್ತಾಗುತ್ತೆ ಅನ್ನೋದನ್ನ ಲ್ಯಾಬಿನೋರು ಒಮ್ಮೆಯಾದ್ರೂ ಕಣ್ಣಾರೆ ನೋಡ್ಬೇಕು. ಫೀಡಿಗೆ ಕೆಜಿಗೆ 5 ಗ್ರಾಂ ಟೈಟಾನಿಯಂ ಡೈಆಕ್ಸೈಡ್ ಬೆರೆಸ್ತಾರೆ, ಅದನ್ನ ಕರುಳು ಹೀರಲ್ಲ, ಆದ್ದರಿಂದ ಫೀಡಲ್ಲಿ ಒಂದು ಗ್ರಾಂ ಟೈಟಾನಿಯಂಗೆ ಎಷ್ಟು ಪಿಷ್ಟ ಇತ್ತು, ಕರುಳಿನ ಕೊನೇಲಿ ಎಷ್ಟಿದೆ ಅಂತ ನೋಡಿದ್ರೆ ಜೀರ್ಣ ಆಗಿದ್ದು ಸಿಗುತ್ತೆ. ಕೋಳಿ ಕೊಯ್ದ ಮೇಲೆ ಸಣ್ಣಕರುಳಿನ ಮೇಲೆ ಮೆಕೆಲ್ಸ್ ಡೈವರ್ಟಿಕುಲಂ ಅಂತ ಒಂದು ಪುಟ್ಟ ಗಂಟು ಕಾಣುತ್ತೆ, ಅಲ್ಲಿಂದ ಸೀಕಮ್ (ಸಣ್ಣಕರುಳು ಮುಗಿಯೋ ಕಡೆ ಇರೋ ಕುರುಡು ಚೀಲ) ಸೇರೋ ಜಾಗಕ್ಕಿಂತ ಸ್ವಲ್ಪ ಮೊದಲಿನ ತನಕ ಇರೋದನ್ನ ಡಿಸ್ಟಿಲ್ಡ್ ವಾಟರ್ ಬಿಟ್ಟು ಮೆಲ್ಲಗೆ ತೊಳೆದು ತೆಗೀತಾರೆ. ಹಿಕ್ಕೆ ತಗೊಂಡ್ರೆ ಆಗಲ್ಲ, ಯಾಕಂದ್ರೆ ಸೀಕಮ್‌ನಲ್ಲಿ ಬ್ಯಾಕ್ಟೀರಿಯಾ ತಿಂದ ಪಿಷ್ಟಾನೂ ಕೋಳಿ ಜೀರ್ಣ ಮಾಡ್ಕೊಂಡಿದ್ದು ಅಂತ ಲೆಕ್ಕಕ್ಕೆ ಬಂದ್ಬಿಡುತ್ತೆ. ಒಣಗಿಸೋದೂ ಫ್ರೀಜ್ ಡ್ರೈಯರಲ್ಲೇ, ಅಂದ್ರೆ ಬಿಸಿ ಇಲ್ಲದೆ ಹೆಪ್ಪುಗಟ್ಟಿಸಿ, ಹಸಿ ಸ್ಯಾಂಪಲ್ಲನ್ನ ಬಿಸಿ ಓವನ್‌ಗೆ ಇಟ್ರೆ ಉಳಿದಿರೋ ಪಿಷ್ಟ ಬೆಂದುಹೋಗುತ್ತೆ.

ಹಾಗಂತ ಟ್ಯೂಬ್ ಟೆಸ್ಟ್ ವೇಸ್ಟ್ ಅಂತ ನಾನು ಯಾವತ್ತೂ ಒಪ್ಪಲ್ಲ. ಯಾವುದು ಬೇಗ, ಯಾವುದು ನಿಧಾನ ಅನ್ನೋ ಸಾಲನ್ನ ಅದು ಚೆನ್ನಾಗೇ ಹೇಳುತ್ತೆ, ಹಸಿ ಆಲೂಗಡ್ಡೆ ಪಿಷ್ಟ ಟ್ಯೂಬಲ್ಲೂ ಹಿಂದೆ, ಕೋಳಿಯಲ್ಲೂ ಹಿಂದೆ, ಬಟಾಣಿದು ಮೆಕ್ಕೆಜೋಳಕ್ಕಿಂತ ಎರಡು ಕಡೆನೂ ನಿಧಾನ. ಪ್ರತಿ ಕಾಳಿಗೂ ಕೋಳಿ ಕೊಯ್ದು ನೋಡೋಕೆ ಆಗಲ್ಲ, ಆಗಲೂ ಬಾರದು. ನನಗೆ ಸಿಟ್ಟು ಬರೋದು ಒಂದೇ ಸಲದ ಟ್ಯೂಬ್ ನಂಬರ್ ಹಿಡ್ಕೊಂಡು ರೈತರ ಲೋಡ್ ವಾಪಸ್ ಕಳ್ಸೋಣ ಅಂತ ಪರ್ಚೇಸಿನೋರು ಹೊರಟಾಗ. ಕೋಳಿಗೆ ಹಾಕಿ ನೋಡಿರೋ ಹಳೇ ಲಾಟ್ ಒಂದನ್ನ ಅದೇ ಜರಡಿಯಲ್ಲಿ ಅರೆದು, ಅದೇ ದಿನ, ಅದೇ ಎನ್‌ಜೈಮ್ ಬಾಟಲಿಯಿಂದ ಪಕ್ಕದ ಟ್ಯೂಬಲ್ಲಿ ಓಡ್ಸಿ ಅಂತೀನಿ, ಎರಡರ ನಡುವಿನ ವ್ಯತ್ಯಾಸ ನೋಡಿದ್ಮೇಲೆ ಲೋಡಿನ ಮಾತು.