ಟಿಪ್ಪಣಿ ಓದೋ ಎಐ ಬಂದರೆ ಮೊದಲ ಗಿರಾಕಿ ನಾನೇ

ಅಳತೆಗೆ ಹೋದಲ್ಲೆಲ್ಲ ಈಗ ಇದೇ ಮಾತು: "ಎಐ ಬಂತಂತಲ್ಲ ಸಾರ್, ಇನ್ನು ಸರ್ವೆಯವರಿಗೆ ಕೆಲಸ ಇರುತ್ತಾ?" ಕೇಳುವವರ ಮೊಬೈಲಿನಲ್ಲಿ, ನಿಂತ ಜಾಗದ ಸರ್ವೆ ನಂಬರ್ ತೋರಿಸೋ ದಿಶಾಂಕ್ ಆ್ಯಪ್ ತೆರೆದೇ ಇರುತ್ತೆ. ತಮ್ಮ ತೋಟದಲ್ಲಿ ನಿಂತರೂ ಅದು ಪಕ್ಕದವರ ಸರ್ವೆ ನಂಬರ್ ತೋರಿಸಿದರೆ ಮುಗಿಯಿತು, ಜಗಳಕ್ಕೆ ಬೇರೆ ಕಾರಣ ಬೇಡ.

ನಾನು ಪರವಾನಗಿ ಭೂಮಾಪಕ, ಹಾಸನ ಜಿಲ್ಲೆಯವನು. ಅರಸೀಕೆರೆ ಕಡೆ ರಾಗಿ ಹೊಲದ ಮೇಲೆ ಡ್ರೋನ್ ಹಾರಿಸಿದರೆ ಬದು, ಬಂಡಿದಾರಿ, ಬಾವಿ ಎಲ್ಲ ಕಾಣುತ್ತೆ. ಆ ಚಿತ್ರ ನೋಡಿ ಗೆರೆ ಎಳೆಯುವ ಕೆಲಸ ಎಐ ಮಾಡಲಿ, ನನ್ನದೇನೂ ತಕರಾರಿಲ್ಲ. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಊರೊಳಗಿನ ಮನೆಗಳನ್ನು ಡ್ರೋನಿನಿಂದಲೇ ಅಳೆದರು. ಗೋಡೆ, ಸೂರು ಮೇಲಿನಿಂದ ಕಾಣುತ್ತವಲ್ಲ.

ಸಕಲೇಶಪುರದ ಕಾಫಿ ತೋಟ ಬೇರೆ ಕಥೆ. ಮೇಲಿನಿಂದ ಸಿಲ್ವರ್ ಓಕ್, ಹಲಸಿನ ತಲೆ ಕಾಣುತ್ತೆ, ಅಷ್ಟೇ. ಲೇಸರ್ ಕಿರಣ ಬಿಟ್ಟು ಅಳೆಯೋ ಲೈಡಾರ್ ಎಲೆ ಸಂದಿಯಲ್ಲಿ ನುಗ್ಗಿ ನೆಲದ ಏರಿಳಿತ ಹಿಡಿದೀತು. ಗಿಡದ ಬುಡದಲ್ಲಿ ಹೂತ ಬಾಂದು ಕಲ್ಲನ್ನು, ಅಂದರೆ ಗಡಿ ಗುರುತಿನ ಕಲ್ಲನ್ನು, ಹಿಡಿಯಲ್ಲ. ಉಪಗ್ರಹದ ಸಂಕೇತ ಹಿಡಿದು ಜಾಗ ಅಳೆಯೋ ರೋವರ್ ಕೂಡ ಮರದಡಿ ಫಿಕ್ಸ್ (ನಿಖರ ಅಳತೆ) ಆಗದೆ ಫ್ಲೋಟ್‌ನಲ್ಲೇ (ಅಂದಾಜಿನಲ್ಲೇ) ಕೂತಿರುತ್ತೆ. ಜಿಗಣೆ ಮಾತ್ರ ಕಾಲಿಗೆ ಕೂಡಲೇ ಫಿಕ್ಸ್.

ಇನ್ನೊಂದು ವಿಷಯ. ಚಿತ್ರದಲ್ಲಿ ಕಾಣುವ ಬದು ಇವತ್ತು ಯಾರು ಎಲ್ಲಿವರೆಗೆ ಉಳುತ್ತಿದ್ದಾರೆ ಅನ್ನೋದನ್ನು ಹೇಳುತ್ತೆ. ಜಮೀನಿನ ನಿಜವಾದ ಗಡಿ ಎಲ್ಲಿದೆ ಅನ್ನೋದಕ್ಕೆ ಹಳೇ ಟಿಪ್ಪಣಿಯನ್ನೇ, ಅಂದರೆ ಹಿಂದಿನ ಸರ್ವೆಯವರು ಅಳತೆ ಬರೆದಿಟ್ಟ ಹಾಳೆಯನ್ನೇ, ಬಿಚ್ಚಬೇಕು. ಎಐ ನಿಜವಾಗಿ ಬೇಕಾಗಿರೋದು ಅಲ್ಲಿ.

ಟಿಪ್ಪಣಿ ಹಾಳೆ ನೋಡದವರಿಗೆ ಹೇಳ್ತೀನಿ: ಮಧ್ಯೆ ಒಂದು ಆಧಾರ ರೇಖೆ, ಅದರಿಂದ ಎಡಬಲಕ್ಕೆ ಅಡ್ಡ ಅಳತೆಗಳು, ಎಲ್ಲ ಸರಪಳಿ-ಆಣೆ ಲೆಕ್ಕದಲ್ಲಿ. ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಚೌಕ ಅಂದರೆ ಒಂದು ಗುಂಟೆ. ಕೈಬರಹ, ಮಾಸಿದ ಶಾಯಿ, ಮಡಿಕೆ ಬಿದ್ದಲ್ಲಿ ಹರಿದ ಕಾಗದ. ೬ ಯಾವುದು, ೯ ಯಾವುದು ಅಂತ ಭೂತಗನ್ನಡಿ ಹಿಡಿದು ಕೂರಬೇಕು.

ತಪ್ಪು ಓದಿದರೆ ಹಿಡಿಯೋ ದಾರಿಯೂ ಅಲ್ಲೇ ಇದೆ. ಆಧಾರ ರೇಖೆ 12 ಸರಪಳಿ, ಅಡ್ಡ ಅಳತೆ 6 ಅಂದುಕೊಳ್ಳಿ. ತ್ರಿಕೋನದ ವಿಸ್ತೀರ್ಣ 36 ಗುಂಟೆ. ಅದನ್ನೇ 9 ಅಂತ ಓದಿದರೆ 54, ಅಂದರೆ 1 ಎಕರೆ 14 ಗುಂಟೆ. ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದಿರೋ ಆಕಾರಬಂದ್‌ ದಾಖಲೆಯಲ್ಲಿ 36 ಅಂತಿದ್ದರೆ ಅದು 6 ಅನ್ನೋದರಲ್ಲಿ ಅನುಮಾನವೇ ಬೇಡ. ಇಂಥ ತಾಳೆ ನೋಡೋದು ಯಂತ್ರಕ್ಕೆ ಹೇಳಿ ಮಾಡಿಸಿದ ಕೆಲಸ. ನಾನು ಸಂಜೆಯೆಲ್ಲ ಕೂತು ಮಾಡೋದನ್ನು ಅದು ಚಹಾ ಆರುವುದರೊಳಗೆ ಮುಗಿಸಲಿ.

ಆಮೇಲೆ ನೋಟಿಸ್ ಕೊಟ್ಟು ಅಕ್ಕಪಕ್ಕದವರನ್ನು ಕರೆಸಿ, ಇಬ್ಬರು ಅಣ್ತಮ್ಮಂದಿರ ಮಧ್ಯೆ ನಿಂತು ಕಲ್ಲು ನೆಡಿಸೋದು ನನ್ನ ಪಾಲಿಗಿರಲಿ. ನಕ್ಷೆಗೆ ಸಹಿ ಹಾಕೋನು ನಾನು. ಕೋರ್ಟಿಗೆ ಕರೆದರೆ ಹೋಗೋನೂ ನಾನೇ. ಅದಕ್ಕೇ, ಎಐ ಓದಿದ ಅಂಕಿಗಳ ಪಕ್ಕದಲ್ಲಿ ಮೂಲ ಹಾಳೆಯ ಚಿತ್ರ ಇರಬೇಕು, ಅದಕ್ಕೆ ಅನುಮಾನ ಬಂದ ಅಂಕಿ ಕೆಂಪಾಗಿ ಕಾಣಬೇಕು. ಇಷ್ಟು ಮಾಡಿಕೊಡೋರಿದ್ದರೆ ಕೈಯಿಂದ ದುಡ್ಡು ಕೊಟ್ಟು ತಗೋತೀನಿ.