ಗುಬ್ಬಿಯೇ ವೈರಿಯಾಗುವ ಊರಲ್ಲಿ

ಅಮೆರಿಕದ ಒಹಾಯೊದಲ್ಲಿ, ಬ್ಲೂಬರ್ಡ್ ಎಂಬ ನೀಲಿ ಹಕ್ಕಿಗೆಂದು ಕಟ್ಟಿದ ಗೂಡುಪೆಟ್ಟಿಗೆಗಳನ್ನು ನೋಡಿಬರುವ ಮೇ 16ರ ಸುತ್ತು. ಹತ್ತು ಗಂಟೆಗೆ ಮೊದಲು ಹೊರಡುವಂತಿಲ್ಲ. ಬ್ಲೂಬರ್ಡ್ ಮೊಟ್ಟೆಯಿಡುವುದು ಬೆಳಿಗ್ಗೆಯೇ, ಆಗ ಹೋಗಿ ಎಬ್ಬಿಸಬಾರದು. ಮಳೆ, ಚಳಿಗಾಳಿ ಇದ್ದರೆ ಸುತ್ತು ಮರುದಿನಕ್ಕೆ. ಚೀಲದಲ್ಲಿ ಸ್ಕ್ರೂಡ್ರೈವರ್, ಕೈಗನ್ನಡಿ, ಗ್ಲೌಸು, ಒಣಹುಲ್ಲು, ನೋಟ್‌ಬುಕ್ಕು.

ಪೆಟ್ಟಿಗೆಯ ಬದಿಗೆ ಮೆಲ್ಲಗೆ ಎರಡು ಸಲ ತಟ್ಟಿ, ಪಕ್ಕಕ್ಕೆ ಸರಿದು ನಿಂತು ಬಾಗಿಲು ತೆಗೆಯಬೇಕು. ತಾಯಿಗೆ ಹಾರಿಹೋಗಲು ದಾರಿ ಇರಲಿ. ಮನುಷ್ಯರ ವಾಸನೆ ತಾಗಿದರೆ ಹಕ್ಕಿ ಗೂಡು ಬಿಡುತ್ತದೆ ಅನ್ನುವುದು ಬರೀ ಮಾತು. ಮೊದಲ ಪೆಟ್ಟಿಗೆಯಲ್ಲಿ ಸಣ್ಣ ಹುಲ್ಲೆಳೆಗಳ ಬಟ್ಟಲು, ಅದರಲ್ಲಿ 3 ತಿಳಿನೀಲಿ ಮೊಟ್ಟೆ. ತಣ್ಣಗಿವೆ, ಗಾಬರಿ ಬೇಡ. ದಿನಕ್ಕೊಂದರಂತೆ ಇಟ್ಟು ಮುಗಿದ ಮೇಲೆಯೇ ಕಾವು ಕೂರುವುದು. ಐದಕ್ಕೆ ನಿಂತರೆ ಕೊನೆಯದು 18ಕ್ಕೆ. ಅಲ್ಲಿಂದ 12–14 ದಿನಕ್ಕೆ, ಅಂದರೆ ತಿಂಗಳ ಕೊನೆಗೆ ಮರಿ. ಮರಿಗೆ 12 ದಿನವಾದ ಮೇಲೆ ಬಾಗಿಲು ಮುಟ್ಟಬಾರದು. ಹೆದರಿ, ರೆಕ್ಕೆ ಬಲಿಯುವ ಮೊದಲೇ ಹೊರಕ್ಕೆ ಹಾರಿಬಿಡುತ್ತವೆ. ಹಾಗಾಗಿ ಆ ಪೆಟ್ಟಿಗೆಯ ಮುಂದೆ ನೋಟ್‌ಬುಕ್ಕಿನಲ್ಲಿ ‘ಜೂನ್ 11, ಕೊನೆ’ ಎಂದು ಬರೆದದ್ದಾಯಿತು.

ಕೊಟ್ಟಿಗೆ ಪಕ್ಕದ ಪೆಟ್ಟಿಗೆ ತೆರೆದ ಕೂಡಲೇ ಒರಟು ಹುಲ್ಲು, ಕೋಳಿಗರಿ, ಪ್ಲಾಸ್ಟಿಕ್ ಚೂರು ಹೊರಕ್ಕೆ ಸುರಿಯಿತು. ಒಳಗೆ ಕಂದು ಚುಕ್ಕೆಯ ಮೊಟ್ಟೆಗಳು. ನಮ್ಮ ಮನೆಗುಬ್ಬಿಯೇ! ಮಾರ್ಚ್ 20ಕ್ಕೆ ಗುಬ್ಬಿ ದಿನ ಆಚರಿಸಿ, ರಟ್ಟಿನ ಡಬ್ಬಿ ಕಟ್ಟಿ ಕರೆಯುವವರಿಗೆ ಇಲ್ಲಿ ಕೈ ಮುಂದಕ್ಕೆ ಬರುವುದಿಲ್ಲ. ಆದರೆ 1850ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತಂದು ಬಿಟ್ಟ ಈ ಹಕ್ಕಿ, ಬ್ಲೂಬರ್ಡನ್ನು ಪೆಟ್ಟಿಗೆಯೊಳಗೇ ಕುಕ್ಕಿ ಕೊಂದು, ಹೆಣದ ಮೇಲೆಯೇ ಗೂಡು ಕಟ್ಟುವುದುಂಟು. ಪೆಟ್ಟಿಗೆಯ ಒಂದೂವರೆ ಇಂಚಿನ ಬಾಯಿ ಸ್ಟಾರ್ಲಿಂಗ್ ಎಂಬ ದೊಡ್ಡ ಹಕ್ಕಿಯನ್ನು ತಡೆಯುತ್ತದೆ, ಗುಬ್ಬಿಯನ್ನಲ್ಲ. ಅಮೆರಿಕದ 1918ರ ವಲಸೆ ಹಕ್ಕಿ ಕಾಯ್ದೆಯ ರಕ್ಷಣೆ ಗುಬ್ಬಿಗಿಲ್ಲ. ಆ ರಕ್ಷಣೆ ಇರುವ ಬ್ಲೂಬರ್ಡಿನದೋ ಸ್ವಾಲೋ ಹಕ್ಕಿಯದೋ ಗೂಡಾದರೆ ಕಿತ್ತುಹಾಕುವಂತಿಲ್ಲ. ಆದ್ದರಿಂದ ಯಾರ ಗೂಡು ಎಂದು ಖಾತ್ರಿಯಾದ ಮೇಲೆಯೇ ಕೈ ಹಾಕುವುದು. ಬರೀ ಗೂಡು ಕಿತ್ತರೂ ಸಾಲದು. ಗಂಡು ಆ ಪೆಟ್ಟಿಗೆಗೇ ಅಂಟಿಕೊಂಡಿರುತ್ತದೆ, ಮತ್ತೆ ಕಟ್ಟುತ್ತದೆ, ಅಕ್ಕಪಕ್ಕದ ಗೂಡಿಗೂ ನುಗ್ಗಬಹುದು. ಪೆಟ್ಟಿಗೆಯನ್ನೇ ಇಳಿಸಿ, ಕೊಟ್ಟಿಗೆಯಿಂದ ದೂರ, ಬಯಲು ಹುಲ್ಲುಗಾವಲಿಗೆ ಸಾಗಿಸಿದ್ದಾಯಿತು. ಗುಬ್ಬಿ ಹೊಕ್ಕದ್ದನ್ನು ನೋಡದೆ ಬಿಡುವವರು ಪೆಟ್ಟಿಗೆ ಕಟ್ಟದಿರುವುದೇ ಲೇಸು.

ಮೂರನೆಯದರಲ್ಲಿ ಆರು ದಿನದ ನಾಲ್ಕು ಮರಿ. ಗೂಡನ್ನು ತುಸು ಎತ್ತಿ ಅಡಿಗೆ ಕನ್ನಡಿ ಹಿಡಿದರೆ ಬೂದುಬಣ್ಣದ ದಪ್ಪ ಹುಳುಗಳು: ಬ್ಲೋಫ್ಲೈ ನೊಣದ ಮರಿಗಳು, ರಾತ್ರಿ ಹಕ್ಕಿಮರಿಗಳ ರಕ್ತ ಹೀರುತ್ತವೆ. ಹಕ್ಕಿಮರಿಗಳನ್ನು ಬಟ್ಟೆ ಹಾಸಿದ ಡಬ್ಬಿಗಿಟ್ಟು, ಹಳೆ ಗೂಡು ತೆಗೆದು, ನೆಲ ಕೆರೆದು, ಒಣಹುಲ್ಲು ತುಂಬಿ, ಮುಷ್ಟಿಯಿಂದ ಒತ್ತಿ ಬಟ್ಟಲು ಮಾಡಿ ಮತ್ತೆ ಇಡಬೇಕು. ಐದು ನಿಮಿಷದ ಕೆಲಸ. ಹಸಿಹುಲ್ಲು ಬೇಡ, ಬೂಸ್ಟು ಹಿಡಿಯುತ್ತದೆ. ಕೀಟನಾಶಕವಂತೂ ಬೇಡವೇ ಬೇಡ.

ಕೊನೆಯದರಲ್ಲಿ 15 ದಿನದ ಮರಿಗಳು. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿದ್ದಷ್ಟೇ. ಅಪ್ಪ ಹಸಿರು ಕಂಬಳಿಹುಳು ಕಚ್ಚಿಕೊಂಡು ಬಂತು. ಕಬ್ಬಿಣದ ಕಂಬಕ್ಕೆ ತೊಡಿಸಿದ ಎಂಟಿಂಚು ಅಗಲ, ಎರಡಡಿ ಉದ್ದದ ತಗಡಿನ ಕೊಳವೆಯ ಮೇಲೆ ಗೂಡು ದೋಚುವ ರಕೂನ್ ಎಂಬ ಪ್ರಾಣಿಯ ಕೆಸರು ಅಂಗೈ ಗುರುತು, ಅರ್ಧದವರೆಗೆ ಮಾತ್ರ. ಅಲ್ಲಿಂದ ಕೆಳಕ್ಕೆ ಜಾರಿದ ಉಗುರಿನ ಗೀರುಗಳು.